ಕೆಂಪು ಚುಕ್ಕೆಯ ಕೆಳಗೆ

ನನ್ನ ಅತ್ತಿಗೆ ಯಾರನ್ನೂ ಸುಮ್ಮನೆ ನಂಬುವವಳಲ್ಲ. ಬೀಗ ಹಾಕಿದ ಮೇಲೆ ಮೂರು ಸಲ ಜಗ್ಗಿ ನೋಡುತ್ತಾಳೆ. ಹೊಸ ಬಲ್ಬನ್ನು ಅಂಗಡಿಯಲ್ಲೇ ಉರಿಸಿ ನೋಡಿ ಚೀಲಕ್ಕೆ ಹಾಕುತ್ತಾಳೆ. ನಾನು ಜ್ವರ ಎಂದರೆ ಹಣೆ ಮುಟ್ಟಿದ ಮೇಲೆಯೇ ಅಯ್ಯೋ ಅನ್ನುತ್ತಾಳೆ. ವಯಸ್ಸಿನಲ್ಲಿ ನನಗಿಂತ ಎರಡೇ ವರ್ಷ ದೊಡ್ಡವಳು ಅಂತ ಅವಳು ಮದುವೆಯಾಗಿ ಬಂದ ವಾರದಲ್ಲೇ ನಾನು ‘ನೀವು’ ಬಿಟ್ಟು ‘ನೀನು’ ಶುರು ಮಾಡಿದ್ದೆ. ಈ ನಾದಿನಿ ಏನೋ ಕೆಲಸ ಮಾಡಿಸಿಕೊಳ್ಳೋಕೆ ಬೆಣ್ಣೆ ಹಚ್ಚುತ್ತಿದ್ದಾಳೆ ಎಂದು ತಿಂಗಳುಗಟ್ಟಲೆ ಅನುಮಾನಪಟ್ಟಳಂತೆ.

ಇಂಥವಳು ಕಣ್ಣು ಮುಚ್ಚಿ ನಂಬುತ್ತಿದ್ದದ್ದು ಒಂದೇ ಒಂದನ್ನು. ಅದು ನನ್ನ ಅಣ್ಣ ಇಟ್ಟ ಕೆಂಪು ಚುಕ್ಕೆ.

ಅಣ್ಣನದು ಆಂಪ್ಲಿಫೈಯರ್ ರಿಪೇರಿ. ಒಂದೇ ಮಳಿಗೆಯಲ್ಲಿ ಬೀದಿ ಕಡೆಯ ಅರ್ಧ ನನ್ನ ಹೊಲಿಗೆ ಯಂತ್ರಕ್ಕೆ, ಒಳಗಿನ ಅರ್ಧ ಅವನ ಮೇಜಿಗೆ. ಹೀಗೆ ಇಪ್ಪತ್ತೆರಡು ವರ್ಷ ನಡೆದಿದೆ. ಸ್ಕ್ರೂ ಬಿಗಿ ಮಾಡಿ, ಇದು ಸರಿಯಾಯಿತು, ಇನ್ನು ಮುಟ್ಟಬೇಕಿಲ್ಲ ಅಂತ ಖಾತ್ರಿಯಾದ ಮೇಲೆ ಅದರ ತಲೆಗೆ ಒಂದು ಚುಕ್ಕೆ ನೇಲ್ ಪಾಲಿಶ್ ಇಡುವುದು ಅವನ ಪದ್ಧತಿ. ಸ್ಕ್ರೂ ಅದುರಿ ಸಡಿಲವಾಗುವುದಿಲ್ಲ, ಬೇರೆಯವರು ಕೈ ಹಾಕಿದ್ದರೆ ಗೊತ್ತಾಗುತ್ತದೆ. ರಿಪೇರಿಯವರಲ್ಲಿ ಸುಮಾರು ಜನ ಮಾಡುವುದೇ. ಆದರೆ ಮಹಾರಾಯ ಶೀಶೆ ಕೊಂಡು ತಂದವನಲ್ಲ. ಅತ್ತಿಗೆ ತನಗೆಂದು ತಂದುಕೊಂಡದ್ದನ್ನೇ ಎತ್ತಿಕೊಂಡು ಬರುತ್ತಿದ್ದ. ಅವಳ ಹತ್ತು ಉಗುರೂ ಒಟ್ಟಿಗೆ ಕೆಂಪಾಗಿದ್ದನ್ನು ನಾನಂತೂ ನೋಡಿಲ್ಲ.

ಎಂಟು ತಿಂಗಳ ಹಿಂದೆ ಒಂದು ಬೆಳಿಗ್ಗೆ ಅಣ್ಣ ಹಲ್ಲುಜ್ಜುತ್ತಿದ್ದವನು ಹಾಗೇ ಗೋಡೆಗೆ ಒರಗಿ ಜಾರಿ ಕೂತ. ಸ್ಟ್ರೋಕ್ ಎಂದರು. ಬಲಗಾಲು ಸ್ವಲ್ಪ ವಾಪಸು ಬಂತು, ಬಲಗೈ ಬರಲಿಲ್ಲ. ಮಾತು ದಿನಕ್ಕೆ ನಾಲ್ಕೈದು, ಅದೂ ಬಿಡಿ ಬಿಡಿ. ತಿಳಿವಳಿಕೆಗೆ ಮಾತ್ರ ಏನೂ ಆಗಿರಲಿಲ್ಲ, ಎಲ್ಲ ಅರ್ಥವಾಗುತ್ತಿತ್ತು. ಬಾಯಿಗೆ ಬಂದದ್ದೆಲ್ಲ ಆಡುತ್ತಿದ್ದವನು ಹೀಗೆ ತುಟಿ ಕಚ್ಚಿ ಕೂತಿರುವುದನ್ನು ನೋಡಿದರೆ ಈಗಲೂ ನಾನು ಮುಖ ತಿರುಗಿಸಿಕೊಳ್ಳುತ್ತೇನೆ.

ಆಸ್ಪತ್ರೆಯಿಂದ ಮನೆಗೆ ಬಂದ ಹದಿನೈದನೇ ದಿನ ಅತ್ತಿಗೆ ಅಂಗಡಿಗೆ ಬಂದು ಮೇಜಿನ ಧೂಳು ಒರೆಸಿ, ಸೋಲ್ಡರಿಂಗ್ ಐರನ್ ಕಾಯಲು ಇಟ್ಟಳು. ಹದಿನೈದು ವರ್ಷ ಅವನ ಪಕ್ಕದಲ್ಲಿ ಕೂತು ಬೋರ್ಡಿನಿಂದ ಬಿಡಿಭಾಗ ಬಿಚ್ಚಿಕೊಟ್ಟವಳು ಅವಳು. ಅಣ್ಣ ಕಿವಿಯಿಂದ, ಮೂಗಿನಿಂದ ರಿಪೇರಿ ಮಾಡುತ್ತಿದ್ದ; ಇವಳು ಮೀಟರ್‌ನಿಂದ ಮಾಡುತ್ತಾಳೆ. ಒಂದೊಂದು ಭಾಗವನ್ನೂ ಅಳೆದು ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದಿಡುತ್ತಾಳೆ. ನಿಧಾನವಾಗುತ್ತದೆ, ಆದರೆ ಆಗುತ್ತದೆ. ಅಣ್ಣನನ್ನು ದಿನಾ ಕರೆತಂದು ಮೇಜಿನ ಎದುರಿಗೆ ಕೈಕುರ್ಚಿಯಲ್ಲಿ ಕೂರಿಸುತ್ತಿದ್ದೆವು. ಹೆಂಗಸು ಏನು ಮಾಡಿಯಾಳು ಅಂತ ಬಂದವರೂ ಎರಡನೇ ಸಲ ಸೆಟ್ಟು ತಂದರು. ಒಬ್ಬರ ವಿಷಯದಲ್ಲಿ ಮಾತ್ರ ಅವಳ ಗ್ರಹಚಾರ ನೆಟ್ಟಗಿರಲಿಲ್ಲ.

ಅವರು ಮೈಕ್‌ನವರು. ಊರಿನ ಸಭೆ, ಮದುವೆ, ಆಟೋಟ ಯಾವುದಕ್ಕಾದರೂ ಮೈಕು, ಸ್ಪೀಕರ್ ಬಾಡಿಗೆಗೆ ಕೊಡುವವರು. ನಮ್ಮ ಅಂಗಡಿ ನಿಂತಿರುವುದೇ ಅವರ ಸೆಟ್ಟುಗಳ ಮೇಲೆ. ಅವರ ದೊಡ್ಡ ಆಂಪ್ಲಿಫೈಯರ್ ಎರಡು ಸಲ ಬಂದಿತ್ತು. ಮೊದಲ ಸಲ ಮದುವೆ ಸೀಸನ್ನಿಗೆ ಮುಂಚೆ ಬಿಚ್ಚಿ ಧೂಳು ತೆಗೆದು, ಎರಡನೇ ಸಲ ಸುಟ್ಟ ಟ್ರಾನ್ಸಿಸ್ಟರ್‌ಗಳನ್ನು ಬದಲಾಯಿಸಿ ಅತ್ತಿಗೆ ಕೊಟ್ಟಿದ್ದಳು. ಎರಡು ಸಲವೂ ಅಂಗಡಿಯಲ್ಲಿ ಚೆನ್ನಾಗಿ ಹಾಡಿತು. ಹೊರಗೆ ಹೋಗಿ ಒಂದು ಗಂಟೆ ತುಂಬುವುದರೊಳಗೆ, ತುಂಬಿದ ಸಭೆಯಲ್ಲಿ, ಡಬ್ ಎಂದು ಸತ್ತಿತು.

ಮೂರನೇ ಸಲ ಅವರು ಅದನ್ನು ತಂದದ್ದು ಒಂದು ಶನಿವಾರ ಬೆಳಿಗ್ಗೆ ಹತ್ತಕ್ಕೆ. ಅಣ್ಣನಿಗೆ ಕೈಮುಗಿದು, ಅತ್ತಿಗೆಯ ಮುಖ ನೋಡದೆ ಸೆಟ್ಟನ್ನು ಮೇಜಿನ ಮೇಲೆ ಕುಕ್ಕಿದರು.

"ನೋಡಮ್ಮಾ, ಗುರುಗಳು ಮುಟ್ಟಿದ ಸೆಟ್ಟು ಹನ್ನೆರಡು ವರ್ಷ ಒಂದು ದಿನ ಕೆಮ್ಮಲಿಲ್ಲ. ನೀನು ಮುಟ್ಟಿದ ಮೇಲೆ ಎರಡು ಸಲ ನನ್ನ ಮರ್ಯಾದೆ ಹೋಯ್ತು. ಇವತ್ತು ನಾಲ್ಕು ಗಂಟೆಗೆ ದೊಡ್ಡ ಮೈದಾನದಲ್ಲಿ ಶಾಲೆ ಮಕ್ಕಳ ಕ್ರೀಡಾಕೂಟ. ಎರಡೂವರೆಗೆ ಬರ್ತೀನಿ. ಇವತ್ತೂ ಕೈ ಕೊಟ್ಟರೆ ನಾಳೆಯಿಂದ ನನ್ನ ಒಂದು ಸೆಟ್ಟೂ ಇಲ್ಲಿಗೆ ಬರಲ್ಲ. ಯಾಕೆ ಅಂತ ಕೇಳಿದವರಿಗೆಲ್ಲ ಹೇಳ್ತೀನಿ."

"ಆಯ್ತು," ಎಂದಳು ಅತ್ತಿಗೆ.

ಅವರು ಹಾಗೆ ಹೇಳಿಕೊಂಡು ತಿರುಗಿದರೆ ಅತ್ತಿಗೆಯ ಮೇಜು ಮುಗಿದ ಹಾಗೆಯೇ. ಅವರು ಬಿಟ್ಟ ಅಂಗಡಿಗೆ ಬೇರೆ ಯಾರು ಬರುತ್ತಾರೆ? ಅದು ಅವಳಿಗೆ ಗೊತ್ತಿತ್ತು, ನನಗೆ ಗೊತ್ತಿತ್ತು, ಕುರ್ಚಿಯಲ್ಲಿದ್ದವನಿಗೂ ಗೊತ್ತಿತ್ತು. ಮೈಕ್‌ನವರ ಬೆನ್ನಿಗೆ ನಾನು ನಾಲ್ಕು ಮಾತು ಅಂದೆ. ಅತ್ತಿಗೆ "ಸುಮ್ಮನಿರೇ, ಅವರು ಹೇಳಿದ್ದರಲ್ಲಿ ಸುಳ್ಳೇನಿದೆ?" ಅಂತ ನನ್ನ ಬಾಯಿ ಮುಚ್ಚಿಸಿದಳು.

ಮುಚ್ಚಳ ಬಿಚ್ಚಿದಾಗ ಸುಟ್ಟ ವಾಸನೆ ಬಂತು. ಒಳಗೆ, ರೆಕ್ಕೆ ರೆಕ್ಕೆಯಾಗಿರುವ ಅಲ್ಯೂಮಿನಿಯಂ ದಿಮ್ಮಿಗೆ ಎಂಟು ದೊಡ್ಡ ಟ್ರಾನ್ಸಿಸ್ಟರ್‌ಗಳು ಅಂಟಿ ಕೂತಿರುತ್ತವೆ. ಸ್ಪೀಕರ್‌ಗೆ ಬಲ ಕೊಡುವುದು ಅವೇ. ಅವುಗಳ ಬಿಸಿಯನ್ನು ಆ ದಿಮ್ಮಿ ಹೀರಿಕೊಳ್ಳುತ್ತದೆ. ಅತ್ತಿಗೆ ಮೀಟರ್ ಕಡ್ಡಿಗಳನ್ನು ಒಂದೊಂದರ ಕಾಲಿಗೂ ತಾಗಿಸಿದಳು. ಬಲಗಡೆ ನಾಲ್ಕರಲ್ಲಿ ಎರಡು ಕುಂಯ್ ಎಂದವು. ಹಾಗೆ ಕುಂಯ್ ಅಂದರೆ ಒಳಗೆಲ್ಲ ಕರಗಿ ಒಂದಾಗಿ ಸತ್ತಿದೆ ಅಂತ ಅರ್ಥ.

"ಮತ್ತೆ ಅವೇ ಎರಡು," ಎಂದಳು. ಮುಖ ಬಿಳಿಚಿತ್ತು.

ಅವೆರಡನ್ನೂ ಕಳಚಿ, ಉಳಿದವನ್ನು ಬಿಚ್ಚಿ ಹೊರಗಿಟ್ಟು ಮತ್ತೆ ಅಳೆದಳು. ಬೋರ್ಡಿನಲ್ಲಿ ಇರುವಾಗ ಪಕ್ಕದವು ಸೇರಿಕೊಂಡು ಸುಳ್ಳು ಲೆಕ್ಕ ತೋರಿಸುತ್ತವೆ ಎಂದು ಅವಳಿಗೆ ಅನುಮಾನ. ಬಿಳಿ ರೆಸಿಸ್ಟರ್‌ಗಳನ್ನು ಅಳೆದಳು. ದೊಡ್ಡವನ್ನು ನಡೆಸುವ ಮಧ್ಯಮ ಗಾತ್ರದ ಟ್ರಾನ್ಸಿಸ್ಟರ್‌ಗಳನ್ನೂ ಬಿಡಲಿಲ್ಲ. ಎಲ್ಲ ಕ್ಯಾಲೆಂಡರ್ ಹಿಂದೆ ಬರೆದಳು. ಉಳಿದದ್ದೆಲ್ಲ ಸರಿ ಇತ್ತು. ಅದೇ ತಲೆಬಿಸಿ. ಏನಾದರೂ ಕೆಟ್ಟಿದ್ದರೆ ತೆಗೆದು ಬಿಸಾಡಬಹುದು, ಎಲ್ಲ ಸರಿಯಿರುವುದನ್ನು ಏನು ಮಾಡುವುದು?

ಡಬ್ಬಿಯಲ್ಲಿ ಆ ಜಾತಿಯ ಒಳ್ಳೆಯ ಟ್ರಾನ್ಸಿಸ್ಟರ್ ಉಳಿದದ್ದು ನಾಲ್ಕೇ. ಬಿಡಿಭಾಗ ಮಾರುವವನು ಸೋಮವಾರದವರೆಗೆ ಊರಲ್ಲಿಲ್ಲ. ಇವು ಸುಟ್ಟರೆ ಕಥೆ ಮುಗಿಯಿತು.

"ಎರಡು ಸಲವೂ ನೀನು ಎಷ್ಟು ಹೊತ್ತು ಓಡಿಸಿ ನೋಡಿದೆ?" ಅಂತ ಕೇಳಿದೆ. ಕೇಳಿದ್ದು ಸುಮ್ಮನೆ, ನನಗೇನು ಗೊತ್ತು ಈ ವಿದ್ಯೆ.

"ಹತ್ತು ನಿಮಿಷ. ಅದೂ ಮೆಲ್ಲಗೆ. ಅಕ್ಕಪಕ್ಕದವರು ಬೈತಾರೆ ಅಂತ."

"ಹತ್ತು ನಿಮಿಷದಲ್ಲಿ ಹಾಲೂ ಉಕ್ಕಲ್ಲ ಕಣೇ. ಅದು ಸಾಯೋದು ಗಂಟೆ ಹೊತ್ತು ಓಡಿದ ಮೇಲೆ."

 ಅತ್ತಿಗೆ ಎದ್ದು ಹೋಗಿ ಬಕೆಟ್ ತುಂಬ ನೀರು ತಂದಳು. ಹಳೇ ಹೀಟರ್ ತಂತಿಯನ್ನು ಸ್ಪೀಕರ್‌ನಷ್ಟೇ ಅಳತೆ ಬರುವ ಹಾಗೆ ಕತ್ತರಿಸಿ ನೀರಿಗೆ ಇಳಿಸಿ, ಸ್ಪೀಕರ್ ಬದಲಿಗೆ ಅದನ್ನೇ ಜೋಡಿಸಿದಳು. ಇನ್ನು ಎಷ್ಟು ಜೋರಾಗಿ ಓಡಿಸಿದರೂ ಸದ್ದಿಲ್ಲ, ನೀರು ಕಾಯುತ್ತದೆ ಅಷ್ಟೇ.

ಬಲಗಡೆಯ ನಾಲ್ಕನ್ನೂ ಬದಲಿಸಿ ಹೊಸವನ್ನು ಹಚ್ಚಿದಳು. ಪ್ರತಿಯೊಂದರ ಕೆಳಗೂ ತೆಳ್ಳನೆಯ ಮೈಕಾ ಹಾಳೆ, ಎರಡು ಮಗ್ಗುಲಿಗೂ ಬಿಳಿ ಮುಲಾಮು. ಮೊದಲು ಕರೆಂಟನ್ನು ಸೀರೀಸ್ ಬಲ್ಬಿನ ಮೂಲಕ ಕೊಟ್ಟಳು. ಒಳಗೆ ಶಾರ್ಟ್ ಇದ್ದರೆ ಬಲ್ಬು ಭಗ್ ಅಂತ ಉರಿದು ಸೆಟ್ಟನ್ನು ಉಳಿಸುತ್ತದೆ. ಬಲ್ಬು ಒಂದು ಸಲ ಹೊಳೆದು ಮಂಕಾಯಿತು. ಎರಡು ಸಲವೂ ಹೀಗೇ ಆಗಿತ್ತು, ಹಾಗಾಗಿ ನನಗೇನೂ ಖುಷಿಯಾಗಲಿಲ್ಲ. ಬಲ್ಬು ತೆಗೆದು ನೇರ ಕರೆಂಟು ಕೊಟ್ಟಳು. ಫೋನಿನಿಂದ ಹಾಡು ಹಾಕಿ ಗುಂಡಿಯನ್ನು ಮುಕ್ಕಾಲು ತಿರುಗಿಸಿದಳು. ಅಂಗಡಿ ನಿಶ್ಶಬ್ದವಾಗಿತ್ತು, ಬಕೆಟ್ ಮಾತ್ರ ಸಣ್ಣಗೆ ಗುಂಯ್‌ಗುಡುತ್ತಿತ್ತು. ನಾನು ರವಿಕೆಯೊಂದಕ್ಕೆ ತೋಳು ಹಚ್ಚುವುದಕ್ಕೆ ಹೋಗಿ ಎಡದ್ದನ್ನು ಬಲಕ್ಕೆ ಹಚ್ಚಿದೆ.

ಮೀಟರ್ ಬಗ್ಗೆ ನನಗೆ ಅರ್ಥವಾದಷ್ಟು ಹೇಳುತ್ತೇನೆ. ಹಾಡು ಇಲ್ಲದಾಗಲೂ ದೊಡ್ಡ ಟ್ರಾನ್ಸಿಸ್ಟರ್‌ಗಳಲ್ಲಿ ಚೂರು ಕರೆಂಟು ಹರಿಯುತ್ತಿರಬೇಕಂತೆ. ಬಿಸಿಯಾದರೆ ಅದು ಹೆಚ್ಚುತ್ತದೆ, ಹೆಚ್ಚಿದರೆ ಇನ್ನೂ ಬಿಸಿಯಾಗುತ್ತದೆ. ಹಾಗೇ ಬಿಟ್ಟರೆ ತಮ್ಮನ್ನು ತಾವೇ ಸುಟ್ಟುಕೊಳ್ಳುತ್ತವೆ. ಈ ಸೆಟ್ಟಿನಲ್ಲಿ ಮೀಟರ್ ಹನ್ನೆರಡು ತೋರಿಸಬೇಕು. ಹತ್ತು ನಿಮಿಷವಾದ ಮೇಲೆ ಅತ್ತಿಗೆ ಹಾಡು ನಿಲ್ಲಿಸಿ ಓದಿದಳು. ಮೂವತ್ತೊಂದು.

ಹಾಡು ನಿಂತಿದೆ, ಇನ್ನು ಇಳಿಯಬೇಕು. ಇಳಿಯಲಿಲ್ಲ. ಮೂವತ್ತೆಂಟು. ನಲವತ್ತೇಳು. ಅರವತ್ತು.

"ಆರಿಸೇ!" ಎಂದು ಕಿರುಚಿದೆ. ಅಷ್ಟರಲ್ಲಿ ಅವಳು ಪ್ಲಗ್ಗನ್ನೇ ಕಿತ್ತಿದ್ದಳು. ದಿಮ್ಮಿ ಮುಟ್ಟಿದರೆ ಬೆರಳು ಚುರ್ ಅಂತು. ತಣ್ಣಗಾಗುವವರೆಗೆ ಕಾದು ನಾಲ್ಕನ್ನೂ ಅಳೆದಳು. ಬದುಕಿದ್ದವು.

"ಇದಕ್ಕೊಂದು ಕಾವಲುಗಾರ ಇದೆ," ಎಂದಳು, ತನಗೇ ಹೇಳಿಕೊಳ್ಳುವವಳ ಹಾಗೆ. "ಚಿಕ್ಕ ಟ್ರಾನ್ಸಿಸ್ಟರ್. ದೊಡ್ಡವುಗಳ ಮಧ್ಯೆ ದಿಮ್ಮಿಗೆ ಅಂಟಿಕೊಂಡು ಬಿಸಿ ನೋಡ್ತಾ ಇರುತ್ತೆ. ಬಿಸಿ ಏರಿದ ಹಾಗೆ ಕರೆಂಟು ಇಳಿಸಬೇಕು. ಅದು ಇಳಿಸ್ತಾ ಇಲ್ಲ."

"ಅದನ್ನು ಅಳೆದಿಲ್ವಾ ನೀನು?"

ಅವಳು ಬೆರಳಿನಿಂದ ಅದನ್ನು ತೋರಿಸಿದಳು. ನಾನು ಎದ್ದು ಹೋಗಿ ನೋಡಿದೆ. ನಾಲ್ಕು ದೊಡ್ಡವುಗಳ ನಡುವೆ ಒಂದು ಪುಟ್ಟದು ಒಂದೇ ಸ್ಕ್ರೂವಿನಲ್ಲಿ ಕೂತಿತ್ತು. ಸ್ಕ್ರೂವಿನ ತಲೆಯ ಮೇಲೆ ಕೆಂಪು ಚುಕ್ಕೆ. ಮೂರು ಸಲ ಈ ಸೆಟ್ಟನ್ನು ಬಿಚ್ಚಿ, ಅಕ್ಕಿ ಆರಿಸಿದ ಹಾಗೆ ಎಲ್ಲವನ್ನೂ ಅಳೆದವಳು, ಲೋಕದಲ್ಲಿ ಯಾರನ್ನೂ ನಂಬದವಳು, ಅದೊಂದನ್ನು ಮಾತ್ರ ಮುಟ್ಟಿರಲಿಲ್ಲ.

ಅತ್ತಿಗೆ ಚಿಮುಟ ಕೈಗೆತ್ತಿಕೊಂಡಳು.

"ಬೇ... ಡ," ಎಂದ ಅಣ್ಣ.

ಇಬ್ಬರೂ ಅವನ ಕಡೆ ತಿರುಗಿದೆವು. ಎಡಗೈ ಎತ್ತಿ ಅಡ್ಡ ಆಡಿಸುತ್ತಿದ್ದ. ಹಣೆಯಲ್ಲಿ ಬೆವರು. "ಬೇಡ."

ಅತ್ತಿಗೆ ಚಿಮುಟ ಕೆಳಗಿಟ್ಟಳು. ಗಂಟೆ ಹನ್ನೆರಡೂಮುಕ್ಕಾಲು. ನನಗೆ ಎಲ್ಲಿತ್ತೋ ಸಿಟ್ಟು. "ಅಣ್ಣಾ, ನಿನ್ನ ಚುಕ್ಕೆ ಏನು ಶಾಸನವಾ? ಅವಳ ಬದುಕು ಮುಳುಗ್ತಾ ಇದೆ ಇಲ್ಲಿ!" ಅಂದೇ ಬಿಟ್ಟೆ. ಅಣ್ಣ ನನ್ನನ್ನು ನೋಡಲೂ ಇಲ್ಲ. ಅವಳನ್ನೇ ನೋಡುತ್ತಿದ್ದ.

ಅತ್ತಿಗೆ ಅವನ ಹತ್ತಿರ ಹೋಗಿ ಸೆರಗಿನಿಂದ ಹಣೆ ಒರೆಸಿದಳು. "ನೋಡಲೇಬೇಕು ರೀ," ಎಂದಳು. ವಾಪಸು ಬಂದು ಸ್ಕ್ರೂ ಡ್ರೈವರ್ ತೆಗೆದುಕೊಂಡಳು. ಚುಕ್ಕೆ ಪಟ್ಟೆಂದು ಒಡೆಯಿತು.

ಸ್ಕ್ರೂ ಬಿಗಿಯಾಗಿಯೇ ಇತ್ತು. ಆದರೆ ಅದನ್ನು ಹೊರಗೆಳೆದು ಬೆಳಕಿಗೆ ಹಿಡಿದಾಗ ಅತ್ತಿಗೆಯ ಉಸಿರು ನಿಂತದ್ದು ನನಗೆ ಕೇಳಿಸಿತು. ಸ್ಕ್ರೂ ಉದ್ದದ್ದು, ಇರಬೇಕಾದ್ದಕ್ಕಿಂತ ಉದ್ದ. ಅದರ ತುದಿ ತೂತಿನ ತಳಕ್ಕೆ ತಾಗಿ ಬಿಗಿಯಾಗಿತ್ತು, ತಲೆ ಟ್ರಾನ್ಸಿಸ್ಟರನ್ನು ಒತ್ತಿಯೇ ಇರಲಿಲ್ಲ. ಪುಟ್ಟ ಕಾವಲುಗಾರ ದಿಮ್ಮಿಯಿಂದ ಉಗುರಿನಷ್ಟು ದೂರ, ಗಾಳಿಯಲ್ಲಿ ತಣ್ಣಗೆ ಕೂತಿತ್ತು. ಅದಕ್ಕೆ ಬಿಸಿ ತಾಗಿದ್ದರೆ ತಾನೆ ಇಳಿಸುವುದು! ಬೆರಳಿನಿಂದ ತಳ್ಳಿದ್ದರೆ ಸಾಕಿತ್ತು, ಲೊಡಲೊಡ ಅಲ್ಲಾಡುತ್ತಿತ್ತು. ಇಂಥದ್ದು ಅಣ್ಣನ ಬೆರಳಿಗೆ ಗೊತ್ತಾಗದೆ ಹೋಗುವುದುಂಟೇ?

ಅತ್ತಿಗೆ ಸೆಟ್ಟಿನ ಮುಚ್ಚಳ ಎತ್ತಿ ಒಳಮೈ ನೋಡಿದಳು. ಸರ್ವಿಸ್ ಮಾಡಿದ ದಿನವನ್ನು ಅಣ್ಣ ಅಲ್ಲಿ ಪೆನ್ಸಿಲಿನಲ್ಲಿ ಬರೆಯುತ್ತಿದ್ದ. ಕೊನೆಯ ತಾರೀಖು ಸ್ಟ್ರೋಕ್ ಆಗುವುದಕ್ಕೆ ಒಂದು ತಿಂಗಳು ಮುಂಚಿನದು. ಆಗ ಸೀಸನ್ ಮುಗಿದಿತ್ತು, ಸೆಟ್ಟು ಮೈಕ್‌ನವರ ಗೋದಾಮಿನಲ್ಲೇ ಮಲಗಿತ್ತು. ಅದು ಮೊದಲ ಸಲ ಬಿಸಿಯಾಗುವ ಹೊತ್ತಿಗೆ ಮೇಜಿನ ಹಿಂದೆ ಅತ್ತಿಗೆ ಇದ್ದಳು. ಮೇಲಿನ ತಾರೀಖುಗಳೆಲ್ಲ ಮುದ್ದಾಗಿದ್ದವು. ಕೊನೆಯದರ ಅಂಕಿಗಳು ಓರೆಕೋರೆಯಾಗಿ ಒಂದರ ಮೇಲೊಂದು ಬಿದ್ದಿದ್ದವು.

ನಾನು ಅಣ್ಣನ ಕಡೆ ನೋಡಿದೆ. ಅವನು ಕಣ್ಣು ಮುಚ್ಚಿಕೊಂಡಿದ್ದ.

 ಅತ್ತಿಗೆ ಗಿಡ್ಡ ಸ್ಕ್ರೂ ಹುಡುಕಿದಳು, ಮುಲಾಮು ಹಚ್ಚಿದಳು, ಕಾವಲುಗಾರನನ್ನು ದಿಮ್ಮಿಗೆ ಒತ್ತಿ ಬಿಗಿದಳು, ಬೆರಳಿಂದ ತಳ್ಳಿ ನೋಡಿದಳು. ಅದರ ಮೂರು ಕಾಲುಗಳ ಬಿರುಕುಬಿಟ್ಟ ಬೆಸುಗೆಗಳನ್ನು ಹೊಸದಾಗಿ ಮಾಡಿದಳು. ಮತ್ತೆ ಬಲ್ಬು, ಮತ್ತೆ ಬಕೆಟ್. ನಲವತ್ತು ನಿಮಿಷ ಓಡಿಸಿ ಹಾಡು ನಿಲ್ಲಿಸಿದಾಗ ಮೀಟರ್ ಹದಿನೈದು ತೋರಿಸಿತು; ನೋಡುತ್ತಿದ್ದ ಹಾಗೆ ಹದಿನಾಲ್ಕು, ಹದಿಮೂರು, ಹನ್ನೆರಡು. ನಾನು ಚಪ್ಪಾಳೆ ತಟ್ಟಿದೆ. ಅವಳು ನಗಲಿಲ್ಲ.

"ಬೆಳಿಗ್ಗೆ ಅರವತ್ತಕ್ಕೆ ಏರಿತ್ತಲ್ಲ, ಆಗ ಒಳಗೆ ಪೆಟ್ಟು ತಿಂದಿರಬಹುದು. ಅದು ಮೀಟರ್‌ಗೆ ಸಿಗಲ್ಲ," ಎಂದಳು.

ಸರಿಯಾಗಿ ಎರಡೂವರೆಗೆ ಮೈಕ್‌ನವರು ಬಂದರು. "ಏನಾಗಿತ್ತು?" ಎಂದು ಕೇಳಿದರು. ಮೇಜಿನ ಮೇಲೆ ಉದ್ದದ ಸ್ಕ್ರೂ ಬಿದ್ದಿತ್ತು, ತಲೆಯಲ್ಲಿ ಒಡೆದ ಕೆಂಪು ಇನ್ನೂ ಅಂಟಿತ್ತು.

"ಒಂದು ಸ್ಕ್ರೂ ಸರಿಯಾಗಿ ಕೂತಿರಲಿಲ್ಲ," ಎಂದಳು ಅತ್ತಿಗೆ. "ನನ್ನದೇ ತಪ್ಪು. ನಾನೇ ಹಾಕಿದ್ದು."

ನನ್ನ ಮೈಯೆಲ್ಲ ಬೆಂಕಿಯಾಯಿತು. ಬಾಯಿ ತೆರೆದೆ. ಅವಳು ಒಂದು ನೋಟ ನೋಡಿದಳು, ಅಷ್ಟಕ್ಕೇ ಬಾಯಿ ಮುಚ್ಚಿದೆ.

"ಹಾಗಾದರೆ ಎರಡು ಸಲವೂ ಕೆಡಿಸಿದ್ದು ನೀನೇ," ಎಂದರು ಮೈಕ್‌ನವರು. ದನಿ ಎತ್ತಲಿಲ್ಲ, ಅದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು. "ಬೇಜಾರು ಮಾಡ್ಕೋಬೇಡ ತಾಯಿ. ಒಂದು ಸ್ಕ್ರೂ ಕೂರಿಸೋಕೆ ಬರದವರ ಕೈಗೆ ನಾನು ಸೆಟ್ಟು ಹೇಗೆ ಕೊಡಲಿ? ಇವತ್ತಿಗೆ ಬೇರೆ ಕಡೆ ಕೇಳ್ತೀನಿ. ಉಳಿದ ಸೆಟ್ಟು ನಾಳೆ ಎತ್ಕೊಂಡು ಹೋಗ್ತೀನಿ."

ಧಡಾರ್ ಎಂದು ಸದ್ದಾಯಿತು. ಅಣ್ಣ ಎಡಗೈಯಿಂದ ಆ ಮುಚ್ಚಳವನ್ನು ಮೇಜಿನಿಂದ ಎಳೆದು ಬೀಳಿಸಿದ್ದ. ಒಳಮೈ ಮೇಲಾಗಿ ಮೈಕ್‌ನವರ ಕಾಲ ಬುಡದಲ್ಲಿ ಬಿತ್ತು. ಅಣ್ಣ ಕುರ್ಚಿಯಿಂದ ಅರ್ಧ ಎದ್ದಿದ್ದ. ಮೇಜು ತಡವಿ ಉದ್ದದ ಸ್ಕ್ರೂ ಎತ್ತಿ, ಅವರ ಅಂಗೈಗೆ ಹಾಕಿ, ಬೆರಳುಗಳನ್ನು ಒತ್ತಿ ಮುಚ್ಚಿದ. ಆಮೇಲೆ ತನ್ನ ಎದೆ ತಟ್ಟಿಕೊಂಡ. ಒಂದು ಸಲ ಅಲ್ಲ, ತಟ್ಟುತ್ತಲೇ ಇದ್ದ.

ಮೈಕ್‌ನವರು ಬಗ್ಗಿ ಆ ಕೊನೆಯ ತಾರೀಖು ಓದಿದರು. ಅಂಗೈ ಬಿಚ್ಚಿ ಸ್ಕ್ರೂವಿನ ತಲೆಯ ಕೆಂಪು ನೋಡಿದರು. ಅವರ ಮನೆಯ ಸೆಟ್ಟುಗಳಲ್ಲೆಲ್ಲ ಇದ್ದ ಕೆಂಪು ಅದು.

"ಗುರುಗಳೇ," ಎಂದರು.  ನನ್ನ ಸ್ಟೂಲಿನ ಮೇಲೆ ಕೂತುಬಿಟ್ಟರು. ಎದ್ದವರು ಅತ್ತಿಗೆಯ ಮುಖವನ್ನು ಅವತ್ತು ಮೊದಲ ಸಲ ನೋಡಿ, "ನಡಿಯಮ್ಮಾ, ನೀನೂ ಸೆಟ್ಟಿನ ಜೊತೆ ಬಾ. ನಡೆದರೆ ಮೇಜು ನಿನ್ನದು, ನನ್ನ ಸೆಟ್ಟೆಲ್ಲ ನಿನ್ನ ಕೈಗೇ. ನಿಂತರೆ ನನ್ನನ್ನು ಏನೂ ಕೇಳಬೇಡ," ಎಂದರು.

ಮೈದಾನ ನಮ್ಮ ಅಂಗಡಿಯಿಂದ ಮೂರು ಬೀದಿ ಆಚೆ. ನಾಲ್ಕಕ್ಕೆ ಗಾಳಿಯಲ್ಲಿ ದನಿ ತೇಲಿ ಬಂತು. ನೂರು ಮೀಟರ್ ಓಟದವರು ಸಾಲಾಗಿ ನಿಲ್ಲಬೇಕಂತೆ. ಕುರ್ಚಿಯಲ್ಲಿ ಅಣ್ಣ, ಯಂತ್ರದ ಮುಂದೆ ನಾನು, ಇಬ್ಬರೂ ಉಸಿರು ಬಿಗಿಹಿಡಿದು ಕೂತೆವು. ನಾಲ್ಕೂಕಾಲು. ನಾಲ್ಕೂವರೆ. ಬಂದ ಗಿರಾಕಿಯೊಬ್ಬಳನ್ನು ನಾಳೆ ಬಾ ಎಂದು ಸಾಗಹಾಕಿದೆ. ಯಾರೋ ಚಿಕ್ಕ ಹುಡುಗಿ ಉದ್ದ ಜಿಗಿತದಲ್ಲಿ ಗೆದ್ದಳಂತೆ, ಆ ಮಗುವಿನ ಹೆಸರು ಕೊನೆಯವರೆಗೆ ಕೇಳಿಸಿದ್ದಕ್ಕೆ ನಾನು ಯಾರಿಗೋ ಕೈಮುಗಿದೆ.

ಐದಕ್ಕೆ ಹತ್ತು ನಿಮಿಷ ಇರುವಾಗ ದನಿ ನಿಂತಿತು.

ಅಣ್ಣ ಕುರ್ಚಿಯ ಕೈ ಹಿಡಿದುಕೊಂಡ. ನಾನು ಬಾಗಿಲಿಗೆ ಓಡಿದೆ. ಬಸ್ಸಿನ ಹಾರ್ನು, ಸೈಕಲ್ ಗಂಟೆ, ಯಾರೋ ಕೆಮ್ಮಿದ್ದು, ಬೇರೆ ಎಲ್ಲ ಕೇಳಿಸುತ್ತಿತ್ತು. ಒಂದು ನಿಮಿಷ. ಎರಡು. ಅಲ್ಲಿ ಅತ್ತಿಗೆ ಎಲ್ಲರೆದುರು ಹೇಗೆ ನಿಂತಿರಬಹುದು ಎಂದು ನೆನೆದು ಮೈದಾನಕ್ಕೆ ಓಡೋಣವೆಂದು ಚಪ್ಪಲಿ ಮೆಟ್ಟಿದೆ. ಆಮೇಲೆ ಖರ್ ಎಂದು ಗಂಟಲು ಸರಿ ಮಾಡಿಕೊಂಡ ಸದ್ದು. "ಕ್ಷಮಿಸಿ, ನೀರು ಕುಡೀತಿದ್ದೆ. ಈಗ ಹಗ್ಗಜಗ್ಗಾಟದವರು..."

ಆ ಮಹಾನುಭಾವನಿಗೆ ನಾನು ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ಬೈದು ತಿರುಗಿದರೆ ಅಣ್ಣ ಅಳುತ್ತಿದ್ದ. ಐದು ದಾಟಿತು. ಐದೂವರೆ ದಾಟಿತು. ಬಹುಮಾನ ಹಂಚಿ, ವಂದನೆ ಹೇಳಿ ಮುಗಿಸುವವರೆಗೂ ಆ ದನಿ ಒಂದು ಸಲ ಒಡೆಯಲಿಲ್ಲ.

ಅತ್ತಿಗೆ ಆರೂವರೆಗೆ ಬಂದಳು, ಮುಖದ ತುಂಬ ಮೈದಾನದ ಧೂಳು. "ಎರಡು ಗಂಟೆ! ಮುಚ್ಚಳ ಹಾಕದೇ ದಿಮ್ಮಿ ಮೇಲೆ ಕೈ ಇಟ್ಟುಕೊಂಡೇ ಕೂತಿದ್ದೆ," ಎಂದಳು ನನಗೆ. ಮೈಕ್‌ನವರು ಸೋಮವಾರ ಮೂರು ಸೆಟ್ಟು ಕಳಿಸುತ್ತಾರಂತೆ. ಹೇಳುತ್ತಾ ಹೇಳುತ್ತಾ ಅಣ್ಣನ ಮುಂದೆ ಹೋಗಿ ನಿಂತಳು. ಗೆದ್ದು ಬಂದವಳ ಮುಖ ಅದಾಗಿರಲಿಲ್ಲ. ಅವನ ಸತ್ತ ಬಲಗೈಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು.

"ಒಂದು ತಿಂಗಳು," ಎಂದಳು. "ಒಂದು ತಿಂಗಳು ಮುಂಚೆಯೇ ಕೈ ಜೋಮು ಹಿಡೀತಿತ್ತು, ಅಲ್ವಾ? ಸ್ಕ್ರೂ ಅಲ್ಲಾಡೋದು ಬೆರಳಿಗೆ ಗೊತ್ತಾಗ್ತಿರಲಿಲ್ಲ. ಪಕ್ಕದಲ್ಲೇ ಮಲಗ್ತಿದ್ದೆನಲ್ಲ ರೀ. ಒಂದು ಮಾತು ಹೇಳಿದ್ದರೆ ಅವತ್ತೇ ಡಾಕ್ಟರ ಹತ್ತಿರ ಎಳ್ಕೊಂಡು ಹೋಗ್ತಿರಲಿಲ್ವಾ? ಯಾಕೆ ಹೇಳಲಿಲ್ಲ? ಯಾಕೆ?" ಎಂಟು ತಿಂಗಳಲ್ಲಿ ನಾನು ಅವಳ ಕಣ್ಣಲ್ಲಿ ನೀರು ನೋಡಿರಲಿಲ್ಲ. ಅವನ ಭುಜಕ್ಕೆ ಗುದ್ದಿದಳು, ಗುದ್ದಿದ ಜಾಗವನ್ನೇ ಸವರಿದಳು.

ಅಣ್ಣನ ತುಟಿ ತುಂಬಾ ಹೊತ್ತು ಒದ್ದಾಡಿತು.

"ಹೆ... ದರಿಕೆ," ಎಂದ.

ಅತ್ತಿಗೆ ಅವನ ಕಾಲ ಹತ್ತಿರ ನೆಲದ ಮೇಲೇ ಕುಸಿದು ಕೂತಳು. ಆ ಕೈಯನ್ನು ಬಿಡಲಿಲ್ಲ.

"ನನಗೂ," ಎಂದಳು.